ಬಾಯಿ ಕ್ಯಾನ್ಸರಿನ ಮುನ್ಸೂಚನೆ: ಜೀನ್ ಎಷ್ಟು ಹೇಳಬಲ್ಲದು?

ಸಕಲೇಶಪುರ ದಾಟಿ ಶಿರಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ದೋಣಿಗಲ್ ಮತ್ತು ಅದರ ಸುತ್ತಿನ ಬೆಟ್ಟಗಳು ಕಾಫಿಯ ನಾಡಾದರೂ, ಕಾಫಿ, ಮೆಣಸಿನ ನಡುವೆ ಅಲ್ಲಿ ಅಡಿಕೆಗೂ ಜಾಗವಿದೆ. ಬಂದವರ ಮುಂದೆ ಎಲೆಯಡಿಕೆಯ ತಟ್ಟೆ ಇಡುವುದು ಮಲೆನಾಡಿನಲ್ಲಿ ಮರ್ಯಾದೆಯ ವಿಷಯವಾದರೆ, ಹೊಗೆಸೊಪ್ಪನ್ನು ಸುಣ್ಣದೊಂದಿಗೆ ತಿಕ್ಕಿ ದವಡೆಯ ಸಂದಿಗೆ ಒತ್ತರಿಸಿಕೊಳ್ಳುವುದು ದುಡಿಯುವವರ ಚಟ. ತಂಬಾಕು ಸೇರದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕ್ಯಾನ್ಸರ್‌ಪೂರ್ವ ಸ್ಥಿತಿಯಲ್ಲಿ, ಅಡಿಕೆಯ ಅಂಶಗಳು ನಾರು ಕಟ್ಟುವ ಒಂದು ಸಂಕೇತ ಸರಣಿಯನ್ನು ಚುರುಕುಗೊಳಿಸುತ್ತವೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಕೊಂಡಯ್ಯ ಅವರ ತಂಡ 2012ರಲ್ಲಿ ತೋರಿಸಿತು.

ಕಾರಣ ಗೊತ್ತಾದರೂ ಮುಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ಒಂದೇ ಅಳತೆಯ ಗಡ್ಡೆಯಿರುವ ಇಬ್ಬರಲ್ಲಿ ಒಬ್ಬರು ಶಸ್ತ್ರಚಿಕಿತ್ಸೆಯ ನಂತರ ದೀರ್ಘಕಾಲ ಬದುಕುತ್ತಾರೆ, ಇನ್ನೊಬ್ಬರಿಗೆ ವರ್ಷದೊಳಗೆ ಕತ್ತಿನಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ; ಈ ವ್ಯತ್ಯಾಸವನ್ನು ಮೊದಲೇ ಸೂಚಿಸಬಲ್ಲ ಜೀನ್‌ಗಳ ಬದಲಾವಣೆಗಳಿಗೆ ಆನುವಂಶಿಕ ಗುರುತುಗಳೆಂದು ಹೆಸರು. ಇಲ್ಲಿ ಹೇಳುತ್ತಿರುವ ಬದಲಾವಣೆಗಳು ಗಡ್ಡೆಯ ಜೀವಕೋಶಗಳಲ್ಲಿ ವರ್ಷಗಳ ಅವಧಿಯಲ್ಲಿ ಉಂಟಾದವೇ ಹೊರತು ತಂದೆತಾಯಿಯಿಂದ ಬಂದವಲ್ಲ, ಮಕ್ಕಳಿಗೆ ದಾಟುವಂಥವೂ ಅಲ್ಲ.

ಭಾರತದಲ್ಲಿ ಹೆಚ್ಚಾಗಿ ಕಾಣುವುದು ಜಗಿದ ಉಂಡೆ ಕೂರುವ ವಸಡು ಮತ್ತು ಕೆನ್ನೆಯ ಕ್ಯಾನ್ಸರ್. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜಿನೋಮಿಕ್ಸ್ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ಇಂಥ 110 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಗತ್ತಿನ ಇತರೆಡೆ ಕಂಡಿದ್ದ ಟಿಪಿ53, ಫ್ಯಾಟ್1, ಕ್ಯಾಸ್ಪ್8, ಎಚ್‌ರಾಸ್, ನಾಚ್1 ಜೀನ್‌ಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಅರಿಡ್2 ಮುಂತಾದವುಗಳಲ್ಲೂ ಮತ್ತೆಮತ್ತೆ ದೋಷ ಕಂಡುಬಂದಿತು. ಬೆಂಗಳೂರಿನ ಗಣಿತ್ ಲ್ಯಾಬ್ಸ್ ಮತ್ತು ಮಜುಂದಾರ್ ಶಾ ಕೇಂದ್ರದವರು 2015ರಲ್ಲಿ ನಾಲಿಗೆಯ ಕ್ಯಾನ್ಸರನ್ನು ತೆಗೆದುಕೊಂಡು, ಜೀನ್‌ಗಳ ಬದಲಾವಣೆಗೂ ರೋಗಿಯ ಚಟಗಳಿಗೂ ರೋಗ ಮರುಕಳಿಸುವುದಕ್ಕೂ ಇರುವ ನಂಟನ್ನು ಹುಡುಕಿದರು.

ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಟಿಪಿ53. ಕೆಟ್ಟುಹೋದ ಜೀವಕೋಶ ಇಬ್ಭಾಗವಾಗದಂತೆ ತಡೆಯುವ, ಅಗತ್ಯವಾದರೆ ಅದನ್ನು ಸಾಯಿಸುವ ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ. ತಲೆ ಮತ್ತು ಕತ್ತಿನ ಕ್ಯಾನ್ಸರಿನ 420 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರೋಟೀನಿನ ರಚನೆಯನ್ನೇ ಹಾಳುಗೆಡಹುವ ಬಗೆಯ ದೋಷವಿದ್ದವರು ಶಸ್ತ್ರಚಿಕಿತ್ಸೆಯ ನಂತರ ಕಡಿಮೆ ಕಾಲ ಬದುಕಿದರು. ಆದರೆ ಬಾಯಿ ಕ್ಯಾನ್ಸರಿನ ಬಹುಪಾಲು ಗಡ್ಡೆಗಳಲ್ಲಿ ಟಿಪಿ53 ಹೇಗೂ ಕೆಟ್ಟಿರುವುದರಿಂದ, ಅದೊಂದನ್ನೇ ನೋಡಿ ರೋಗಿಗಳನ್ನು ಬೇರ್ಪಡಿಸುವುದು ಕಷ್ಟ.

ಕತ್ತಿನ ದುಗ್ಧರಸ ಗ್ರಂಥಿಗಳ ವಿಷಯದಲ್ಲಿ ಇಂಥ ಗುರುತಿನ ಅಗತ್ಯ ಎದ್ದು ಕಾಣುತ್ತದೆ. ಗ್ರಂಥಿಗಳಿಗೆ ರೋಗ ಹಬ್ಬಿದ ಲಕ್ಷಣವಿಲ್ಲದಿದ್ದರೂ ಅವನ್ನು ಮೊದಲೇ ತೆಗೆಯುವುದೋ, ಗಂಟು ಕಂಡ ಮೇಲೆ ತೆಗೆಯುವುದೋ ಎಂಬುದನ್ನು ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿ'ಕ್ರೂಜ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ 2015ರಲ್ಲಿ ಉತ್ತರ ನೀಡಿದರು: ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕಿದ್ದವರು ಶೇ. 80, ಕಾದವರಲ್ಲಿ ಶೇ. 67.5. ಮೊದಲೇ ತೆಗೆಯುವುದು ಸರಿಯೆಂದಾಯಿತು. ಆದರೆ ಹಾಗೆ ತೆಗೆಸಿಕೊಂಡವರಲ್ಲಿ ಅನೇಕರ ಗ್ರಂಥಿಗಳಲ್ಲಿ ರೋಗವೇ ಇರುವುದಿಲ್ಲ, ಭುಜದ ನೋವು, ಬಿಗಿತ ಮಾತ್ರ ಅವರಿಗೂ ಬರಬಹುದು. ಅಂಥವರನ್ನು ಜೀನ್‌ಗಳಿಂದ ಗುರುತಿಸುವ ಪ್ರಯತ್ನಗಳು ನಡೆದಿದ್ದರೂ, ಇಂದಿಗೂ ವೈದ್ಯರು ನೆಚ್ಚುವುದು ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಮಿಲಿಮೀಟರಿನ ಲೆಕ್ಕವನ್ನೇ. ರೋಗದ ಹಂತ ನಿರ್ಧರಿಸುವ ಅಂತರರಾಷ್ಟ್ರೀಯ ಕ್ರಮದ ಎಂಟನೆಯ ಆವೃತ್ತಿಗೆ ಸೇರಿದ್ದೂ 5 ಮತ್ತು 10 ಮಿಲಿಮೀಟರಿನ ಆಳದ ಗೆರೆಗಳೇ.

ಈ ಕ್ಷೇತ್ರ ಒಮ್ಮೆ ದೊಡ್ಡ ಮೋಸಕ್ಕೂ ಸಿಕ್ಕಿಬಿದ್ದಿದೆ. ಬಾಯಿಯ ಬಿಳಿ ಮಚ್ಚೆಗಳಲ್ಲಿ ಡಿಎನ್ಎ ಪ್ರಮಾಣವನ್ನು ಅಳೆದರೆ ಕ್ಯಾನ್ಸರನ್ನು ಮುಂಗಾಣಬಹುದೆಂದು ಹೆಸರು ಮಾಡಿದ್ದ ನಾರ್ವೆಯ ಯೋನ್ ಸೂಡ್‌ಬೋ 2005ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ 908 ಜನರೂ ಕಲ್ಪಿತರು, ಅವರಲ್ಲಿ 250 ಮಂದಿಗೆ ಒಂದೇ ಜನ್ಮದಿನ; 2006ರಲ್ಲಿ ಇದು ಬಯಲಾದಾಗ ಡಿಎನ್ಎ ಪ್ರಮಾಣದ ಲೇಖನಗಳನ್ನೂ ಹಿಂತೆಗೆದುಕೊಳ್ಳಲಾಯಿತು.

ಬಿಳಿ ಮಚ್ಚೆಗಳ ಮಟ್ಟಿಗೆ ಪರೀಕ್ಷೆಗೆ ನಿಂತ ಗುರುತು ಬೇರೆಯೇ ಇದೆ. ಮೂರನೆಯ ಮತ್ತು ಒಂಬತ್ತನೆಯ ವರ್ಣತಂತುಗಳ ಜೋಡಿ ಪ್ರತಿಗಳಲ್ಲಿ ಒಂದರ ನಿರ್ದಿಷ್ಟ ತುಂಡು ಕಳೆದುಹೋಗಿದ್ದರೆ, ಅಂಥ ಮಚ್ಚೆ ಕ್ಯಾನ್ಸರಾಗುವ ಸಂಭವ ಹೆಚ್ಚು. 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಈ ನಷ್ಟವಿದ್ದವರಲ್ಲಿ ಮೂರು ವರ್ಷದವರೆಗೆ ಬಾಯಿ ಕ್ಯಾನ್ಸರ್ ಬಾರದೆ ಉಳಿದವರು ಶೇ. 74, ಇಲ್ಲದವರಲ್ಲಿ ಶೇ. 87. ಆದರೆ ಅಪಾಯವಿದ್ದವರಿಗೆ ಕೊಟ್ಟು ನೋಡಿದ ಎರ್ಲೋಟಿನಿಬ್ ಎಂಬ ಔಷಧದಿಂದ ಕ್ಯಾನ್ಸರ್ ತಗ್ಗಲಿಲ್ಲ. ಅಪಾಯ ಗುರುತಿಸಿದ ಮಾತ್ರಕ್ಕೆ ಅದನ್ನು ತಡೆಯುವ ಮಾತ್ರೆ ಸಿಗುವುದಿಲ್ಲವೆಂಬುದು ಅಲ್ಲಿ ಸ್ಪಷ್ಟವಾಯಿತು. ಅಂಥವರಿಗೆ ಸದ್ಯ ಉಳಿದಿರುವ ದಾರಿ ಜಗಿಯುವುದನ್ನು ನಿಲ್ಲಿಸಿ, ಮಚ್ಚೆಯನ್ನು ವೈದ್ಯರಿಗೆ ಪದೇಪದೇ ತೋರಿಸಿ, ಅಗತ್ಯವಿದ್ದಲ್ಲಿ ಅದನ್ನು ತೆಗೆಸಿಹಾಕುವುದು.