ಎಣಿಕೆಗೆ ಸಿಗದವರ ಹಕ್ಕು

ಪ್ರಜಾಪ್ರಭುತ್ವವೆಂದರೆ ಬಹುಮತದ ಆಡಳಿತವೆಂದು ನಾವೆಲ್ಲರೂ ಕಲಿತಿದ್ದೇವೆ. ಹಾಗಾದರೆ ಸಂಖ್ಯೆಯಲ್ಲಿ ಕಡಿಮೆ ಇರುವವರ ಗತಿಯೇನು? ನಮ್ಮ ರಾಯಚೂರಿನ ನೆರೆಯಲ್ಲೇ ಇರುವ ಗದ್ವಾಲ, ಮಕ್ತಲ್, ನಾರಾಯಣಪೇಟೆಗಳತ್ತ ಒಮ್ಮೆ ನೋಡೋಣ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭಾಷಾವಾರು ಹಂಚಿಹೋಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಮಕ್ತಲ್, ನಾರಾಯಣಪೇಟೆಗಳೂ ಅದೇ ಜಿಲ್ಲೆಯಲ್ಲಿದ್ದವು. 2014ರಿಂದ ಇವೆಲ್ಲ ತೆಲಂಗಾಣದಲ್ಲಿವೆ. ಗೆರೆಯನ್ನು ಎಲ್ಲಿ ಎಳೆದರೂ ಕೆಲವು ಮನೆಗಳು ಆಚೆ ಉಳಿಯುತ್ತವೆ. ಅಲ್ಲಿಯ ಕನ್ನಡ ಕುಟುಂಬಗಳಿಗೂ ಎಲ್ಲರಂತೆ ಮತವಿದೆ. ಆದರೆ ಬರೀ ಮತದಿಂದ ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವಷ್ಟು ಸಂಖ್ಯೆಯಿಲ್ಲ.

ಅದಕ್ಕೆಂದೇ 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. 'ಪ್ರಯತ್ನಿಸಬೇಕು' ಎಂಬ ಮಾತನ್ನು ಗಮನಿಸಿ. ಶಿಕ್ಷಕರ ನೇಮಕ, ಪಠ್ಯಪುಸ್ತಕ, ಹಣ ಎಲ್ಲವೂ ಸರ್ಕಾರದ ಕೈಯಲ್ಲಿವೆ. ಕೇಳುವ ತಂದೆತಾಯಂದಿರಿಲ್ಲದಿದ್ದರೆ ವಿಧಿ ಪುಸ್ತಕದಲ್ಲೇ ಉಳಿಯುತ್ತದೆ.

ಅಲ್ಪಸಂಖ್ಯಾತರು ತಮ್ಮದೇ ಶಾಲೆ ನಡೆಸಬಹುದೆನ್ನುವ 30ನೆಯ ವಿಧಿಯ ಆಸರೆ ನಮ್ಮ ಧರ್ಮಕೇಂದ್ರಗಳ ಶಾಲೆಗಳಿಗೂ ಇದೆ. ಆದ್ದರಿಂದ ಈ ವಿಷಯ ನಮಗೆ ಹೊರತಲ್ಲ. ಗದ್ವಾಲದ ಕನ್ನಡ ಮಗುವಿಗಾಗಿ ಮರುಗುವ ನಾವು, ರಾಯಚೂರಿನ ತೆಲುಗು ಮಗುವಿಗಾಗಿಯೂ ದನಿಯೆತ್ತುತ್ತೇವೆಯೇ? ಭಾಷೆಯಲ್ಲಿ ನಾವು ಇಲ್ಲಿ ಬಹುಮತದವರು. ಪ್ರಜಾಪ್ರಭುತ್ವದ ಪರೀಕ್ಷೆ ನಡೆಯುವುದು ಗೆದ್ದವರ ಅಂಗಳದಲ್ಲಿ.