ಖಾಲಿ ಹಾಳೆ ರದ್ದಿಯಲ್ಲ

ಹೋದ ವರ್ಷ ಪರೀಕ್ಷೆ ಮುಗಿದ ಮೇಲೆ ಅವ್ವ ನನ್ನ ನೋಟ್‌ಬುಕ್ಕುಗಳನ್ನೆಲ್ಲ ರದ್ದಿಗೆ ಹಾಕಲು ಕಟ್ಟಿಟ್ಟಿದ್ದಳು. ನಾನು ಗಂಟು ಬಿಚ್ಚಿ ಎಣಿಸಿದೆ. ಐದು ಪುಸ್ತಕಗಳಲ್ಲಿ 74 ಹಾಳೆ ಖಾಲಿ! ಆ ವರ್ಷವೆಲ್ಲ ನನ್ನ ಗೆಳೆಯನೊಬ್ಬ ಗಣಿತಕ್ಕೂ ವಿಜ್ಞಾನಕ್ಕೂ ಒಂದೇ ಪುಸ್ತಕ ಇಟ್ಟುಕೊಂಡಿದ್ದ.

ಕಾಗದ ಎಲ್ಲಿಂದ ಬರುತ್ತದೆ? ನಮ್ಮ ರಾಜ್ಯದ ದಾಂಡೇಲಿಯಲ್ಲಿ ದೊಡ್ಡ ಕಾಗದದ ಕಾರ್ಖಾನೆ ಇದೆ. ಇಂಥ ಕಾರ್ಖಾನೆಗಳಲ್ಲಿ ನೀಲಗಿರಿ, ಬಿದಿರು ಮುಂತಾದವನ್ನು ಚೂರು ಮಾಡಿ, ರಾಸಾಯನಿಕ ಹಾಕಿ ಬೇಯಿಸುತ್ತಾರೆ. ಆಗ ನಾರು ಬಿಡಿಸಿಕೊಂಡು ಅಂಬಲಿಯಂತೆ ಆಗುತ್ತದೆ. ಅದನ್ನು ತೊಳೆದು, ಜಾಳಿಗೆಯ ಮೇಲೆ ಹರವಿ, ಒತ್ತಿ, ಒಣಗಿಸಿದರೆ ಹಾಳೆ. ಇದಕ್ಕೆ ಮರವಷ್ಟೇ ಅಲ್ಲ, ಬಹಳ ನೀರೂ ಬೇಕು.

ರದ್ದಿಯಿಂದ ಮತ್ತೆ ಕಾಗದ ಆಗುತ್ತದಲ್ಲ ಅಂತೀರಾ? ಆಗುತ್ತದೆ. ಆದರೆ ಪ್ರತಿ ಸಲವೂ ನಾರು ತುಂಡಾಗಿ ಗಿಡ್ಡವಾಗುತ್ತದೆ. ಸುಮಾರು 5ರಿಂದ 7 ಸಲ ಆದ ಮೇಲೆ ಹಾಳೆ ಕಟ್ಟುವುದಿಲ್ಲ. ಆದ್ದರಿಂದ ಮೊದಲು ಪೂರ್ತಿ ಬಳಸಬೇಕು, ರದ್ದಿ ಆಮೇಲೆ.

ಮಾಡುವುದಿಷ್ಟೇ:
1. ಹಾಳೆಯ ಎರಡೂ ಮಗ್ಗುಲು ಬರೆಯಿರಿ.
2. ಶಾಲೆ, ಪಂಚಾಯ್ತಿ ಕಚೇರಿಗಳಲ್ಲಿ ಒಂದೇ ಮಗ್ಗುಲು ಅಚ್ಚಾದ ಹಳೇ ಕಾಗದಗಳನ್ನು ಲೆಕ್ಕ ಮಾಡಲು ಇಡಬಹುದು.
3. ರದ್ದಿ ಒಣಗಿರಲಿ. ಎಣ್ಣೆ ಹತ್ತಿದ ಕಾಗದ ಅದರಲ್ಲಿ ಬೆರೆಯದಿರಲಿ.

ಆ 74 ಹಾಳೆಗಳನ್ನು ದಬ್ಬಣದಿಂದ ಹೊಲಿದೆ. ಎರಡು ಪುಸ್ತಕ ಆದವು. ಒಂದು ನನಗೆ, ಒಂದು ಗೆಳೆಯನಿಗೆ. ಈ ಸಲ ನಿಮ್ಮ ಖಾಲಿ ಹಾಳೆಗಳನ್ನೂ ತನ್ನಿ, ದಬ್ಬಣ ನಾನು ತರ್ತೀನಿ.