ಬೆಲೆಯಿಲ್ಲದೆ ದೊರೆಯುವ ತಂತ್ರಾಂಶಗಳು: ಅವುಗಳನ್ನು ಹುಡುಕುವ ಮತ್ತು ಇಳಿಸಿಕೊಳ್ಳುವ ಕ್ರಮ

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಗಿಣಿಗೇರಾ ಗ್ರಾಮವು ಇತ್ತೀಚಿನ ದಶಕಗಳಲ್ಲಿ ಕಬ್ಬಿಣದ ಕಾರ್ಖಾನೆಗಳಿಂದಲೂ, ಗಂಗಾವತಿಯ ಮಾರ್ಗವಾಗಿ ಕವಲೊಡೆಯುವ ಹೊಸ ರೈಲುದಾರಿಯಿಂದಲೂ ಹೆಸರಾಗಿದೆ. ಆದರೂ ಮಳೆಯನ್ನೇ ನಂಬಿ ಮೆಕ್ಕೆಜೋಳವನ್ನೂ ಸಜ್ಜೆಯನ್ನೂ ಬೆಳೆಯುವ ಒಕ್ಕಲುತನವು ಆ ಸೀಮೆಯಲ್ಲಿ ಅಳಿದುಹೋಗಿಲ್ಲ. ಈ ಒಕ್ಕಲಿಗನಿಗೆ ಕುಂಟೆ ಕೂರಿಗೆಗಳಷ್ಟೇ ಅವಶ್ಯವಾದ ಇನ್ನೊಂದು ಉಪಕರಣವು ಈಗ ಅಂಗಿಯ ಜೇಬಿನಲ್ಲಿದೆ. ಪಹಣಿಯನ್ನು ನೋಡುವುದಕ್ಕೂ, ನಿಂತ ನೆಲದ ಸರ್ವೆ ನಂಬರನ್ನು ತಿಳಿಸುವ ‘ದಿಶಾಂಕ್’ಗೂ, ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ಗೂ, ಹಂಗಾಮಿನ ಬೆಳೆ ಸಮೀಕ್ಷೆಗೂ ಮೊಬೈಲ್ ಫೋನೇ ಆಧಾರವಾಗಿದೆ. ಇವುಗಳಿಗೆ ಬೇಕಾದ ತಂತ್ರಾಂಶಗಳಿಗೆ ಒಂದು ಪೈಸೆಯ ಕ್ರಯವೂ ಇಲ್ಲ.

ಕ್ರಯವಿಲ್ಲದ ಪದಾರ್ಥದ ವಿಷಯದಲ್ಲಿ ಜನರು ಎರಡು ಬಗೆಯಾಗಿ ತಪ್ಪುವುದುಂಟು. ಬಿಟ್ಟಿ ಬಂದದ್ದೆಲ್ಲ ಮೋಸವೆಂದು ಕೆಲವರು ದೂರವಿಡುತ್ತಾರೆ. ಬಿಟ್ಟಿ ಬಂದುದರಿಂದ ಕಳೆದುಕೊಳ್ಳುವುದೇನೆಂದು ಕೆಲವರು ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತಾರೆ. ವಾಸ್ತವದಲ್ಲಿ ವಿಚಾರಿಸತಕ್ಕದ್ದು ಬೆಲೆಯನ್ನಲ್ಲ, ಅದು ಬಂದ ದಾರಿಯನ್ನು. ಬಿತ್ತನೆ ಬೀಜವನ್ನು ಕೊಳ್ಳುವಾಗ ಚೀಲಕ್ಕೆ ಹೊಲಿದ ಪ್ರಮಾಣಿತ ಬೀಜದ ನೀಲಿ ಚೀಟಿಯನ್ನು ನೋಡುವ ರೈತನು, ಸಂತೆಯಲ್ಲಿ ಗುರುತಿಲ್ಲದವನು ಕೊಟ್ಟ ಕಾಳನ್ನು ಹೊಲಕ್ಕೆ ಚೆಲ್ಲುವುದಿಲ್ಲ. ಫೋನಿನ ವಿಷಯದಲ್ಲಿ ಮಾತ್ರ ಅದೇ ರೈತನು ಗುಂಪಿನಲ್ಲಿ ಬಂದ ಕಡತವನ್ನು ಹಿಂದುಮುಂದು ನೋಡದೆ ಒತ್ತಿಬಿಡುತ್ತಾನೆ.

ಇದರ ಪರಿಣಾಮವು ಸಣ್ಣದಲ್ಲ. 2019ರಲ್ಲಿ ಜಾರಿಗೆ ಬಂದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿಗಳು ಮೂರು ಕಂತುಗಳಲ್ಲಿ ರೈತರ ಖಾತೆಗೆ ಜಮೆಯಾಗುತ್ತವೆ. ಈ ಯೋಜನೆಯ ಹೆಸರನ್ನೇ ಹೊತ್ತ ಖೊಟ್ಟಿ ಕಡತಗಳು ವಾಟ್ಸ್ಯಾಪಿನ ಮೂಲಕ ಹರಿದಾಡಿದ ಬಗ್ಗೆ ಹಲವು ರಾಜ್ಯಗಳ ಪೊಲೀಸರು ಎಚ್ಚರಿಕೆಯನ್ನು ಪ್ರಕಟಿಸಿದ್ದಾರೆ. ಇಂಥ ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರು ಅಕ್ಷರಗಳಿರುತ್ತವೆ. ಕಂತು ನಿಂತಿದೆ, ಕೂಡಲೇ ಇದನ್ನು ತೆರೆಯಿರಿ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ತೆರೆದೊಡನೆ ಅದು ಫೋನಿಗೆ ಬರುವ ಸಂದೇಶಗಳನ್ನು ಓದುವ ಅಪ್ಪಣೆಯನ್ನು ಕೇಳುತ್ತದೆ. ಅಪ್ಪಣೆ ದೊರೆತರೆ ಬ್ಯಾಂಕು ಕಳುಹಿಸುವ ಒಟಿಪಿಯು ಖಾತೆದಾರನ ಕಣ್ಣಿಗೆ ಬೀಳುವ ಮೊದಲೇ ವಂಚಕನ ಕೈ ಸೇರುತ್ತದೆ. 2000 ರೂಪಾಯಿಯ ಕಂತಿನ ಆಸೆಗೆ ಕಾಳು ಮಾರಿ ಬಂದ ಹಣವೆಲ್ಲ ಹೋಗುವುದು ಹೀಗೆ. ಸರ್ಕಾರದ ಯಾವ ಕಂತೂ ವಾಟ್ಸ್ಯಾಪಿನ ಕಡತವನ್ನು ತೆರೆದ ಕಾರಣದಿಂದ ಜಮೆಯಾಗುವುದಿಲ್ಲವೆಂಬುದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಸಿಡುವುದು ಅವಶ್ಯ.

ಇಲ್ಲಿ ಫೋನು ತಾನೇ ಒಂದು ಬಾಗಿಲನ್ನು ಇಟ್ಟಿದೆ. 2017ರಲ್ಲಿ ಬಂದ ಆಂಡ್ರಾಯ್ಡಿನ 8ನೆಯ ಆವೃತ್ತಿಯಿಂದೀಚೆಗೆ, ಪ್ಲೇ ಸ್ಟೋರನ್ನು ಬಿಟ್ಟು ಬೇರೆ ದಾರಿಯಿಂದ ತಂತ್ರಾಂಶವನ್ನು ಸೇರಿಸಬೇಕಾದರೆ, ಅದನ್ನು ತಂದ ವಾಟ್ಸ್ಯಾಪಿಗೋ ಜಾಲವೀಕ್ಷಕಕ್ಕೋ ಪ್ರತ್ಯೇಕವಾಗಿ ಅಪ್ಪಣೆ ಕೊಡಬೇಕಾಗುತ್ತದೆ. ‘ಅಪರಿಚಿತ ಮೂಲ’ ಎಂಬ ಆ ಪ್ರಶ್ನೆ ಬಂದಾಗ ಬೇಡವೆಂದು ಒತ್ತಿದರೆ ಕೆಡುಕು ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ನಿಜವಾದ ತಂತ್ರಾಂಶವನ್ನು ಹುಡುಕುವುದು ಹೇಗೆ? ಗೂಗಲ್ಲಿನಲ್ಲಿ ಹೆಸರನ್ನು ಬರೆದು ಮೊದಲು ಕಂಡುದನ್ನು ಒತ್ತುವುದು ಸರಿಯಾದ ಕ್ರಮವಲ್ಲ. ಮೇಲಿನ ಒಂದೆರಡು ಫಲಿತಾಂಶಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳಾಗಿರಬಹುದು. ಅವುಗಳ ಮೇಲೆ ‘ಪ್ರಾಯೋಜಿತ’ ಎಂಬ ಸಣ್ಣ ಬರೆಹವಿರುತ್ತದೆ. ಜಾಲತಾಣದ ವಿಳಾಸವನ್ನು ಓದುವ ರೀತಿಯನ್ನು ಅಂಚೆಯ ವಿಳಾಸದಿಂದ ತಿಳಿಯಬಹುದು. ಗಿಣಿಗೇರಾ, ತಾಲ್ಲೂಕು ಕೊಪ್ಪಳ, ಜಿಲ್ಲೆ ಕೊಪ್ಪಳ ಎಂದು ಬರೆದ ಕಾಗದವನ್ನು ಅಂಚೆಯವರು ಕೊನೆಯಿಂದ ಓದಿ ಜಿಲ್ಲೆಯನ್ನು ಮೊದಲು ನಿಶ್ಚಯಿಸುವಂತೆ, ಜಾಲತಾಣದ ವಿಳಾಸದಲ್ಲಿಯೂ ಮೊದಲನೆಯ ಓರೆಗೆರೆಗಿಂತ ಹಿಂದಿರುವ ಕೊನೆಯ ಭಾಗವೇ ಮುಖ್ಯ. ‘ಪಿಎಂಕಿಸಾನ್ ಡಾಟ್ ಜಿಒವಿ ಡಾಟ್ ಇನ್’ ಎಂಬುದು ಸರ್ಕಾರದ್ದು, ಏಕೆಂದರೆ ‘ಜಿಒವಿ ಡಾಟ್ ಇನ್’ ಎಂಬ ಕೊನೆಯನ್ನು ಸರ್ಕಾರಿ ಸಂಸ್ಥೆಗಳಿಗಲ್ಲದೆ ಇತರರಿಗೆ ಕೊಡುವುದಿಲ್ಲ. ಅದರ ಮುಂದೆ ಮತ್ತೊಂದು ಚುಕ್ಕೆಯಿಟ್ಟು ‘ಕಾಮ್’ ಎಂದೋ ಇನ್ನೇನೆಂದೋ ಸೇರಿಸಿದ್ದರೆ, ಅಥವಾ ‘ಜಿಒವಿ’ಯ ಹಿಂದೆ ಚುಕ್ಕೆಯ ಬದಲು ಅಡ್ಡಗೆರೆಯಿದ್ದರೆ, ಅದು ಯಾರದೋ ಸ್ವಂತ ಅಂಗಡಿ. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿರುವುದರಿಂದ ನಿಶ್ಚಿಂತರಾಗಬಾರದು. ಮಾತು ನಡುವೆ ಬೇರೆಯವರಿಗೆ ಕೇಳಿಸದೆಂಬುದನ್ನಷ್ಟೇ ಆ ಬೀಗ ಹೇಳುತ್ತದೆ, ಆಚೆ ಕುಳಿತವನು ಸತ್ಯವಂತನೆಂದು ಹೇಳುವುದಿಲ್ಲ.

ಬೆಳೆ ಸಮೀಕ್ಷೆಯ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ಚಿತ್ರವನ್ನು ತೆಗೆದು ದಾಖಲಿಸುವ ಪದ್ಧತಿಯು ಕರ್ನಾಟಕದಲ್ಲಿ ಆರಂಭವಾಯಿತು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಆ ದಾಖಲೆಯೇ ಆಧಾರವಾದುದರಿಂದ ತಪ್ಪಿದರೆ ನಷ್ಟವು ರೈತನದೇ. ಹಂಗಾಮಿನ ಹೆಸರನ್ನೂ ವರ್ಷವನ್ನೂ ಹೊತ್ತ ತಂತ್ರಾಂಶವನ್ನು ಮತ್ತೆ ಮತ್ತೆ ಹುಡುಕಬೇಕಾಗಿ ಬರುವ ಇಂಥ ಸಂದರ್ಭವೇ ವಂಚಕರಿಗೆ ಅನುಕೂಲವಾದುದು. ಆದಕಾರಣ ಪ್ಲೇ ಸ್ಟೋರಿನಲ್ಲಿಯೂ ಹೆಸರಿನ ಕೆಳಗಿರುವ ತಯಾರಕರ ಹೆಸರನ್ನು ಓದಬೇಕು. ಅದಕ್ಕಿಂತ ಉತ್ತಮವೆಂದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಅಲ್ಲಿಯ ಸಿಬ್ಬಂದಿಯ ಎದುರಿನಲ್ಲಿಯೇ ಅದನ್ನು ಇಳಿಸಿಕೊಳ್ಳುವುದು. ಬೆಳೆಯ ಚಿತ್ರ ತೆಗೆಯುವ ತಂತ್ರಾಂಶವು ಕ್ಯಾಮೆರಾವನ್ನೂ ಸ್ಥಳವನ್ನೂ ಕೇಳುವುದು ನ್ಯಾಯವಾಗಿದೆ. ಸಾಲದ ಲೆಕ್ಕ ಹಾಕುವ ತಂತ್ರಾಂಶವು ಫೋನಿನಲ್ಲಿರುವ ನೆಂಟರಿಷ್ಟರ ನಂಬರುಗಳನ್ನು ಕೇಳಿದರೆ ಅದಕ್ಕೆ ನ್ಯಾಯವಿಲ್ಲ.

ಇನ್ನು ಗಣಕಯಂತ್ರದ ಮಾತು. ಅರ್ಜಿ ಬರೆದುಕೊಡುವ ಝೆರಾಕ್ಸ್ ಅಂಗಡಿಗಳಲ್ಲಿ ಮೊದಲು ಬೇಕಾಗುವುದು ಕನ್ನಡ ಅಕ್ಷರ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಉಚಿತವಾಗಿ ಹೊರತಂದರು, ಮುಂದಿನ ಆವೃತ್ತಿಗಳಿಗೆ ಬೆಲೆಯನ್ನಿಡಲಾಯಿತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ನೆರವಿನಿಂದ ಸಿದ್ಧಪಡಿಸಿದ ‘ನುಡಿ’ಯಾದರೋ ಉಚಿತವಾಗಿಯೇ ದೊರೆಯುತ್ತದೆ, ಅದರ ಕೀಲಿಮಣೆಯ ವಿನ್ಯಾಸವು ಕೆ. ಪಿ. ರಾವ್ ಅವರದು. ಇವೆರಡರ ಹಳೆಯ ಪ್ರತಿಗಳು ಸಂಬಂಧವಿಲ್ಲದ ಹತ್ತಾರು ತಾಣಗಳಲ್ಲಿಯೂ ಕೈಯಿಂದ ಕೈಗೆ ಹೋಗುವ ಪೆನ್ ಡ್ರೈವುಗಳಲ್ಲಿಯೂ ತಿರುಗುತ್ತಿವೆ. ತಯಾರಕರ ಸ್ವಂತ ತಾಣವಿರುವಾಗ ಮೂರನೆಯವರ ಹಂಗೇಕೆ? ವಾಸ್ತವವಾಗಿ ಅನೇಕರಿಗೆ ಇಳಿಸಿಕೊಳ್ಳುವ ಪ್ರಯಾಸವೇ ಬೇಕಿಲ್ಲ. ವಿಂಡೋಸಿನಲ್ಲಿಯೇ ಕನ್ನಡ ಕೀಲಿಮಣೆ ಅಡಗಿದೆ. 2019ರ ಆವೃತ್ತಿಯಿಂದೀಚೆಗೆ ಇಂಗ್ಲಿಷ್ ಅಕ್ಷರಗಳಿಂದ ಉಚ್ಚಾರದಂತೆ ಕನ್ನಡ ಮೂಡಿಸುವ ವ್ಯವಸ್ಥೆಯೂ ಸೇರಿದೆ. ಭಾಷೆಯ ಏರ್ಪಾಟಿನಲ್ಲಿ ಅದನ್ನು ತೆರೆದರೆ ಸಾಕು.

ಉಚಿತವೆಂಬುದರಲ್ಲಿಯೂ ಭೇದವುಂಟು. ಕೆಲವಕ್ಕೆ ಬೆಲೆಯಿಲ್ಲ, ಆದರೆ ಒಳಗುಟ್ಟು ತಯಾರಕನಲ್ಲಿಯೇ ಉಳಿಯುತ್ತದೆ. ಪತ್ರ ಮತ್ತು ಲೆಕ್ಕಗಳಿಗಾಗಿರುವ ಲಿಬ್ರೆಆಫೀಸ್, ಚಿತ್ರ ತಿದ್ದುವ ಗಿಂಪ್, ನಕ್ಷೆ ಬರೆಯುವ ಕ್ಯೂಜಿಐಎಸ್ ಮುಂತಾದವುಗಳ ಮೂಲಬರೆಹವೇ ಬಹಿರಂಗವಾಗಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಮನೆಯ ಬೀಜವನ್ನು ತೆಗೆದಿಟ್ಟು ಬಿತ್ತುವ ಮತ್ತು ವಿನಿಮಯ ಮಾಡಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತರಿಗೆ ಕೊಟ್ಟಿರುವುದನ್ನು ಬಲ್ಲವರಿಗೆ ಈ ಪದ್ಧತಿಯು ಹೊಸದಾಗಿ ತೋರಲಾರದು. ಆದರೆ ಹಂಚುವ ಸ್ವಾತಂತ್ರ್ಯವಿರುವಲ್ಲಿಯೇ ಕಲಬೆರಕೆಗೂ ಎಡೆಯಿದೆ. 2015ರಲ್ಲಿ ಒಂದು ದೊಡ್ಡ ಹಂಚಿಕೆಯ ತಾಣದವರು ಗಿಂಪ್ ತಂತ್ರಾಂಶಕ್ಕೆ ಜಾಹೀರಾತಿನ ಬೇರೆ ಸರಕನ್ನು ಸುತ್ತಿ ಕೊಟ್ಟು ಅದರ ತಯಾರಕರ ಆಕ್ಷೇಪಣೆಗೆ ಗುರಿಯಾದರು. ಇಂಥ ತಾಣಗಳ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿಗಳು ನಾಲ್ಕೈದಿದ್ದು ನಿಜವಾದುದು ಒಂದೇ ಆಗಿರುವುದೂ ಉಂಟು. ಸೇರಿಸುವಾಗ ಪ್ರತಿ ಪುಟವನ್ನೂ ಓದಿ, ಮೊದಲೇ ಗುರುತು ಹಾಕಿದ ಬೇಡದ ಚೌಕಗಳನ್ನು ಅಳಿಸುತ್ತ ಹೋಗಬೇಕು.

ಬಂದ ಕಡತವು ತಯಾರಕರು ಕಳುಹಿಸಿದ್ದೇ ಎಂದು ಪರೀಕ್ಷಿಸುವ ಉಪಾಯವೂ ಇದೆ. ಲಿಬ್ರೆಆಫೀಸಿನವರಂತೆ ಹಲವು ತಯಾರಕರು ಕಡತದೊಡನೆ 64 ಅಕ್ಷರಗಳ ಒಂದು ಗುರುತನ್ನು ಪ್ರಕಟಿಸುತ್ತಾರೆ. ಇಳಿದ ಕಡತದಿಂದ ಅದೇ ಲೆಕ್ಕವನ್ನು ವಿಂಡೋಸಿನಲ್ಲಿರುವ ‘ಸರ್ಟ್‌ಯುಟಿಲ್’ ಎಂಬ ಉಪಕರಣವು ತೆಗೆದುಕೊಡುತ್ತದೆ. ಎರಡರಲ್ಲಿ ಒಂದಕ್ಷರ ಬೇರೆಯಾದರೂ ಕಡತವನ್ನು ಅಳಿಸತಕ್ಕದ್ದು. ಅಷ್ಟು ಶ್ರಮ ಬೇಡವೆನ್ನುವವರು ಕಡತದ ಗುಣಲಕ್ಷಣಗಳಲ್ಲಿ ಡಿಜಿಟಲ್ ಸಹಿಯಿದೆಯೇ, ಯಾರ ಹೆಸರಿನಲ್ಲಿದೆ ಎಂದಾದರೂ ನೋಡಬೇಕು. ಈ ಪರೀಕ್ಷೆಗಳು ಕೂಡ ಪೂರ್ಣ ರಕ್ಷೆಯಲ್ಲ. 2017ರಲ್ಲಿ ಸಿಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ ಒಂದು ಆವೃತ್ತಿಯು ತಯಾರಕರ ಸಹಿಯೊಡನೆಯೇ ಕೆಟ್ಟು ಬಂದು ಸುಮಾರು 22 ಲಕ್ಷ ಯಂತ್ರಗಳನ್ನು ಹೊಕ್ಕಿತು. ಆದುದರಿಂದ ಬೇಕಾದಷ್ಟನ್ನೇ ಇಟ್ಟುಕೊಂಡು ಅವುಗಳ ಪರಿಷ್ಕರಣೆಯನ್ನು ತಡಮಾಡದೆ ಸ್ವೀಕರಿಸುವುದು ಮೇಲು. ಬೆಲೆಯುಳ್ಳ ತಂತ್ರಾಂಶದ ಬೀಗ ಮುರಿದ ಪ್ರತಿಗಳನ್ನು ಉಚಿತವೆಂದು ಕರೆಯುವುದೇ ತಪ್ಪು. ಅದು ಕಳವಿನ ಮಾಲು. ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ಕುತಂತ್ರಾಂಶಗಳು ಹಬ್ಬುವ ಪರಿಚಿತ ದಾರಿಗಳಲ್ಲಿ ಅದೂ ಒಂದು.

ಈಗಾಗಲೇ ಖೊಟ್ಟಿ ಕಡತವನ್ನು ತೆರೆದಾಗಿದ್ದರೆ ಮೊದಲು ಫೋನಿನ ಅಂತರಜಾಲವನ್ನು ನಿಲ್ಲಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಹಿಡಿಸಬೇಕು; ಒಡನೆಯೇ 1930 ಎಂಬ ಸಹಾಯವಾಣಿಗೆ ಕರೆಮಾಡಿ ದೂರನ್ನು ದಾಖಲಿಸಬೇಕು. ಹಣವು ವಂಚಕರ ಖಾತೆಯಿಂದ ಮುಂದಕ್ಕೆ ಸಾಗುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಯುವ ಸಂಭವವಿದೆ. ಯಂತ್ರವನ್ನು ಶುಚಿಗೊಳಿಸುವ ಉಚಿತ ಉಪಕರಣಗಳನ್ನು ಕೇಂದ್ರ ಸರ್ಕಾರವು 2017ರಲ್ಲಿ ಸ್ಥಾಪಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಿಂದ ಪಡೆಯಬಹುದು. ಗ್ರಾಹಕನ ಅಜಾಗರೂಕತೆಯಿಂದಲೇ ಹಣ ಹೋದರೂ, ಬ್ಯಾಂಕಿಗೆ ತಿಳಿಸಿದ ಅನಂತರ ಆಗುವ ನಷ್ಟವು ಬ್ಯಾಂಕಿನದೆಂದು ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಆದಕಾರಣ ದೂರು ಕೊಟ್ಟ ದಿನ, ಗಂಟೆ ಮತ್ತು ದೂರಿನ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಾದರೂ ಬರೆದಿಟ್ಟುಕೊಳ್ಳತಕ್ಕದ್ದು.